ಇಪ್ಪತ್ತೊಂಬತ್ತನೆಯ ದಿನ

ನೇವಾ ಸ್ಟ್ಯಾಂಪರ್ ಮದುವೆಯಾದ ಮೇಲೆ ಹದಿನೇಳು ಮನೆಗಳಲ್ಲಿ ಒಲೆ ಹೊತ್ತಿಸಿದಳು. ಅವುಗಳಲ್ಲಿ ಕೊನೆಯದೊಂದನ್ನು ಬಿಟ್ಟರೆ ಯಾವುದೂ ಅವಳದಾಗಿರಲಿಲ್ಲ. ಗಂಡ ಹಾಲಿಸ್ ಸೈನ್ಯದಲ್ಲಿ ಸಾರ್ಜೆಂಟ್. ಅವನನ್ನು ಯಾವ ದಂಡಿಗೆ ಕಳಿಸಿದರೆ ಆ ದಂಡಿನ ಊರಿಗೆ ಇವಳೂ ಪರದೆ, ಪಾತ್ರೆ, ಮಕ್ಕಳನ್ನು ಕಟ್ಟಿಕೊಂಡು ಹೋಗಬೇಕು. ಸಮುದ್ರದಾಚೆಗೆ ಕಳಿಸಿದರೆ ಅವನು ಹೋಗುತ್ತಿದ್ದ, ಇವಳು ಉಳಿಯುತ್ತಿದ್ದಳು.

ಹುಟ್ಟಿದ್ದು ಕೆಂಟಕಿಯ ಕಲ್ಲಿದ್ದಲ ಬೆಟ್ಟಗಳಲ್ಲಿ. ಅಪ್ಪ ಗಣಿಯೊಳಗೆ ಮಣ್ಣು ಕುಸಿದು ಸತ್ತಿದ್ದ. ಹದಿನೆಂಟರ ಮಗಳು ಸೈನಿಕನೊಬ್ಬನನ್ನು ಮದುವೆಯಾಗುತ್ತೇನೆಂದಾಗ ತಾಯಿ ಅಡ್ಡಿ ಹೇಳಲಿಲ್ಲ. "ಗಣಿಗಿಂತ ದಂಡು ವಾಸಿ ಬಿಡು. ಅಲ್ಲಿ ಸತ್ರೂ ಬೆಳಕಲ್ಲಿ ಸಾಯ್ತಾನೆ" ಅಂದಿದ್ದಳು. ಅದನ್ನು ಆಶೀರ್ವಾದವೆಂದೇ ನೇವಾ ತಿಳಿದುಕೊಂಡಳು. ಆ ಬೆಟ್ಟಗಳಲ್ಲಿ ಅದಕ್ಕಿಂತ ದೊಡ್ಡ ಆಶೀರ್ವಾದ ಯಾರೂ ಮಾಡುತ್ತಿರಲಿಲ್ಲ.

ದಂಡಿನ ಹೆಂಡಿರಿಗೆ ತಮ್ಮದೇ ಕೆಲವು ಕಟ್ಟಳೆಗಳಿದ್ದವು. ಹಿರಿಯ ಹೆಂಗಸರು ಹೊಸಬರಿಗೆ ಅವನ್ನು ಬಟ್ಟೆ ಒಗೆಯುತ್ತಲೋ ಬಟಾಣಿ ಬಿಡಿಸುತ್ತಲೋ ಹೇಳಿಕೊಡುತ್ತಿದ್ದರು. ರೈಲು ನಿಲ್ದಾಣದಲ್ಲಿ ಅಳಬಾರದು. ಗಂಡನ ಅಧಿಕಾರಿಯ ಹೆಂಡತಿಯ ಮಾತಿಗೆ ಎದುರಾಡಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ದೂರದಲ್ಲಿರುವ ಗಂಡನಿಗೆ ಕೆಟ್ಟ ಸುದ್ದಿ ಬರೆಯಬಾರದು. ಓದಿ ಮನಸ್ಸು ಕೆಡಿಸಿಕೊಂಡವನು ಮುಂದೆ ನೋಡುವುದು ಬಿಟ್ಟು ಹಿಂದೆ ನೋಡುತ್ತಾನೆ, ಅಂಥವನೇ ಮೊದಲು ಬೀಳುತ್ತಾನೆ. ನೇವಾ ಈ ಕೊನೆಯ ಮಾತನ್ನು ಜೀವಮಾನವಿಡೀ ಪಾಲಿಸಿದಳು. ಸಾವಿರದ ಒಂಬೈನೂರ ಐವತ್ತರ ಚಳಿಗಾಲದಲ್ಲಿ ಹಾಲಿಸ್ ಕೊರಿಯಾದಲ್ಲಿದ್ದಾಗ ಒಂದೂವರೆ ವರ್ಷದ ಮಗ ವೆಂಡೆಲ್‌ಗೆ ನ್ಯುಮೋನಿಯಾ ಆಗಿ ಕೈಬಿಟ್ಟುಹೋಗುವ ಹಾಗಾಗಿತ್ತು. ಅವಳು ಬರೆದದ್ದು, ಮಗುವಿಗೆ ಎರಡು ಹಲ್ಲು ಬಂದವು ಎಂದು. ಅದೇ ಚಳಿಯಲ್ಲಿ ಹಾಲಿಸ್‌ನ ಕಾಲಿನ ಮೂರು ಬೆರಳು ಹಿಮಕ್ಕೆ ಸತ್ತು ಉದುರಿದ್ದವು. ಅವನೂ ಬರೆದಿರಲಿಲ್ಲ. ಹಾಗೆ ಇಬ್ಬರೂ ಒಬ್ಬರಿಗೊಬ್ಬರು ಸುಳ್ಳು ಬರೆದುಕೊಂಡೇ ಒಳ್ಳೆಯ ಗಂಡ ಹೆಂಡಿರಾದರು.

ವೆಂಡೆಲ್ ಮಾತು ಕಡಿಮೆಯ ಹುಡುಗ. ಊರೂರು ಬದಲಾಯಿಸಿ, ಶಾಲೆ ಶಾಲೆಯಲ್ಲಿ ಹೊಸಬನಾಗಿ, ಗೆಳೆಯರಿಗಿಂತ ಕೆಟ್ಟುಹೋದ ರೇಡಿಯೋಗಳನ್ನು ಹೆಚ್ಚು ನಂಬಿಕೊಂಡಿದ್ದ. ರಜೆಯಲ್ಲಿ ಅಜ್ಜಿಯ ಬೆಟ್ಟಕ್ಕೆ ಹೋದಾಗ ಮಾವಂದಿರ ಜೊತೆ ಅಳಿಲು ಹೊಡೆಯಲು ಕಲಿತ. ಅವನಿಗಿಂತ ಎಂಟು ವರ್ಷಕ್ಕೆ ಚಿಕ್ಕವಳು ತಂಗಿ ಗ್ಲೆನಾ. ಅಣ್ಣನ ಬಾಲ ಹಿಡಿದುಕೊಂಡೇ ಬೆಳೆದವಳು.

ಅರವತ್ತೆಂಟರಲ್ಲಿ ವೆಂಡೆಲ್‌ಗೆ ಸರ್ಕಾರದ ಕರೆ ಬಂತು. ಹಾಲಿಸ್ ಅಷ್ಟರಲ್ಲಿ ವಿಯೆಟ್ನಾಂನಲ್ಲಿ ಒಂದು ವರ್ಷ ಕಳೆದು ಬಂದಿದ್ದ. ಈಗ ಮತ್ತೆ ಕೊರಿಯಾದ ಗಡಿಕಾವಲಿಗೆ ಹದಿಮೂರು ತಿಂಗಳು ಹೋಗಿದ್ದ. ನೇವಾ ಮತ್ತು ಗ್ಲೆನಾ ಕ್ಯಾನ್ಸಸ್‌ನ ಒಂದು ದಂಡಿನ ಊರಲ್ಲಿ ಬಾಡಿಗೆ ಮನೆಯಲ್ಲಿದ್ದರು. ಒಂದೇ ಗೋಡೆಯ ಎರಡು ಮನೆ. ಪಕ್ಕದ ಅರ್ಧದಲ್ಲಿ ಥೆಲ್ಮಾ ಪ್ರೂಯಿಟ್ ಎಂಬವಳಿದ್ದಳು. ಅವಳ ಗಂಡನೂ ಸಾರ್ಜೆಂಟ್, ಅವನೂ ಹೊರಗೆ. ಥೆಲ್ಮಾಗೆ ಮಕ್ಕಳಿರಲಿಲ್ಲ. ಬಾಯಿ ಜೋರು, ಕೈ ದೊಡ್ಡದು. ಏನು ಬೇಯಿಸಿದರೂ ಒಂದು ಬಟ್ಟಲು ಈ ಕಡೆಗೆ ಬರುತ್ತಿತ್ತು.

ತರಬೇತಿ ಮುಗಿಸಿದ ವೆಂಡೆಲ್ ಅರವತ್ತೊಂಬತ್ತರ ಮಾರ್ಚಿನಲ್ಲಿ ಎರಡು ವಾರದ ರಜೆಗೆ ಬಂದ. ರಜೆ ತೀರಿದ ಮೇಲೆ ಕ್ಯಾಲಿಫೋರ್ನಿಯಾಕ್ಕೆ ಹೋಗಿ ಅಲ್ಲಿಂದ ವಿಯೆಟ್ನಾಂಗೆ ಹೊರಡಬೇಕು. ಹೊರಡುವ ದಿನ ನೇವಾ ಅವನ ಸಮವಸ್ತ್ರಕ್ಕೆ ಇಸ್ತ್ರಿ ಮಾಡಿ ಕುರ್ಚಿಯ ಮೇಲಿಟ್ಟಳು. ಅವನು ಹಿಂದಿನ ಕೋಣೆಯಿಂದ ಬರಲಿಲ್ಲ. ಹೋಗಿ ನೋಡಿದರೆ ಮಂಚದ ಮೇಲೆ ಬರಿ ಬನಿಯನ್ನಿನಲ್ಲಿ ಕೂತಿದ್ದ.

"ಬಸ್ಸಿಗೆ ಹೊತ್ತಾಯ್ತು" ಅಂದಳು.

"ಅಮ್ಮ, ನಾ ಹೋಗಲ್ಲ."

ಭಯ ಎಲ್ಲರಿಗೂ ಆಗುತ್ತದೆ, ನಿಮ್ಮಪ್ಪನಿಗೂ ಆಗಿತ್ತು ಎಂದು ಅವಳು ಸಮಾಧಾನ ಹೇಳಹೋದಳು. ಅವನು ತಲೆಯಾಡಿಸಿದ.

"ಸಾಯೋ ಭಯ ಅಲ್ಲಮ್ಮ. ತರಬೇತೀಲಿ ಇನ್ನೂರು ಹುಡುಗರಲ್ಲಿ ನಾನೇ ಮೊದಲು. ನನ್ನ ಗುರಿ ತಪ್ಪೋದೇ ಇಲ್ಲ. ಅದಕ್ಕೇ ಹೋಗಲ್ಲ."

ಈ ಮಾತಿಗೆ ಏನು ಹೇಳಬೇಕೆಂದು ದಂಡಿನ ಹಿರಿಯ ಹೆಂಗಸರು ಯಾರೂ ಅವಳಿಗೆ ಕಲಿಸಿರಲಿಲ್ಲ. ಅವಳು ಕೋಣೆಯ ಬಾಗಿಲು ಎಳೆದುಕೊಂಡು ಹೊರಗೆ ಬಂದಳು. ಇಸ್ತ್ರಿ ಮಾಡಿದ ಬಟ್ಟೆಯನ್ನು ಮಡಿಸಿ ಪೆಟ್ಟಿಗೆಗೆ ಹಾಕಿದಳು.

ಹೀಗೆ ಮಗನನ್ನು ಬಚ್ಚಿಡುವ ಕೆಲಸ ಶುರುವಾಯಿತು. ಕಿಟಕಿಯ ಪರದೆ ಇಳಿಬಿಟ್ಟಳು. ಅವನ ಅಂಗಿಗಳನ್ನು ಹೊರಗಿನ ತಂತಿಗೆ ಹಾಕುವಂತಿಲ್ಲ. ಮನೆಯ ಗಂಡಸು ಕೊರಿಯಾದಲ್ಲಿರುವುದು ಬೀದಿಗೆಲ್ಲ ಗೊತ್ತು. ಬಚ್ಚಲಲ್ಲೇ ಒಣಗಿಸಿದಳು. ಮಾಂಸದಂಗಡಿಯಲ್ಲಿ ಎಂದಿಗಿಂತ ಹೆಚ್ಚು ಕೇಳಲು ಹೆದರಿ ತನ್ನ ಪಾಲನ್ನೇ ಅವನಿಗೆ ಹಾಕಿದಳು. ಹನ್ನೆರಡರ ಗ್ಲೆನಾ ಶಾಲೆಯಲ್ಲಿ ಬಾಯಿ ಬಿಡದಂತೆ ಬೈಬಲ್ ಮುಟ್ಟಿಸಿ ಆಣೆ ಹಾಕಿಸಿದಳು. ಮೊದಲ ವಾರ ಒಬ್ಬ ಅಧಿಕಾರಿ ಫೋನ್ ಮಾಡಿ, ನಿಮ್ಮ ಮಗ ಹಾಜರಾಗಿಲ್ಲವಲ್ಲ ಎಂದು ಕೇಳಿದ. ಇಲ್ಲಿಂದ ಹೊರಟ, ಆಮೇಲೆ ನನಗೆ ಗೊತ್ತಿಲ್ಲ ಎಂದಳು. ಸೈನ್ಯಕ್ಕೆ ಅವಳು ಹೇಳಿದ ಮೊದಲ ಸುಳ್ಳು ಅದು. ಇಪ್ಪತ್ತೈದು ವರ್ಷ ಅದರ ಅನ್ನ ತಿಂದವಳು.

ಹಾಲಿಸ್‌ಗೆ ಬರೆಯುವ ಹಾಗಿಲ್ಲ. ಬರೆದರೂ ಉತ್ತರ ಬರಲು ಮೂರು ವಾರ. ಕಡೆಗೆ ಅವಳು ದಂಡಿನ ಪಾದ್ರಿಯ ಬಳಿಗೆ ಹೋಗಿ, ಗೆಳತಿಯೊಬ್ಬಳ ಮಗ ಹೀಗೆ ಮಾಡಿದ್ದಾನೆ, ಏನಾದೀತು ಎಂದು ಕೇಳಿದಳು. ಪಾದ್ರಿ ವಯಸ್ಸಾದವನು, ಯಾವ ಗೆಳತಿ ಎಂದು ಕೇಳದಷ್ಟು ತಿಳಿದವನು. ಮೂವತ್ತು ದಿನದೊಳಗೆ ಸಿಕ್ಕರೆ ಹೇಳದೆ ಕೇಳದೆ ಗೈರುಹಾಜರಾದ ತಪ್ಪು, ಕೆಲವು ವಾರ ಕೂಡಿಹಾಕಿ ಬಿಡುತ್ತಾರೆ. ಮೂವತ್ತು ದಾಟಿತೆಂದರೆ ಹೆಸರು ಓಡಿಹೋದವರ ಪಟ್ಟಿಗೆ ಹೋಗುತ್ತದೆ. ಅಲ್ಲಿಂದ ವರ್ಷಗಟ್ಟಲೆ ಜೈಲು, ಹೊರಬಂದರೂ ಅಂಥವನಿಗೆ ಯಾರೂ ಕೆಲಸ ಕೊಡುವುದಿಲ್ಲ. ಇಷ್ಟನ್ನು ಹೇಳಿ, "ನಿಮ್ಮ ಗೆಳತಿ ಬೇಗ ಮನಸ್ಸು ಮಾಡಿದ್ರೆ ಹುಡುಗನಿಗೇ ಒಳ್ಳೇದು, ಮಿಸೆಸ್ ಸ್ಟ್ಯಾಂಪರ್" ಅಂದ. ಅಂದು ಇಪ್ಪತ್ತೈದನೆಯ ದಿನ.

ಅವಳು ಇದನ್ನೆಲ್ಲ ಮಗನ ಮುಂದಿಟ್ಟಳು. ಅವನು ಬೇರೆಯೇ ಯೋಚನೆ ಮಾಡಿಕೊಂಡಿದ್ದ. ಉತ್ತರಕ್ಕೆ ಕಾರಿನಲ್ಲಿ ಎರಡು ದಿನ ಹೋದರೆ ಕೆನಡಾ. ಅಲ್ಲಿ ಹಿಡಿಯುವವರಿಲ್ಲ. ಗಡಿ ದಾಟಿಸಿ ಬಿಟ್ಟು ಬಾ, ರೇಡಿಯೋ ರಿಪೇರಿ ಮಾಡಿಕೊಂಡು ಬದುಕುತ್ತೇನೆ ಎಂದ. "ಅಪ್ಪನಿಗೆ ನಾನೇ ಬರೀತೀನಿ. ನಿನ್ನ ಹೆಸರು ತರಲ್ಲ."

"ಮತ್ತೆ ಬರೋಕಾಗಲ್ಲ ಕಣೋ ನೀನು."

"ಬರೋಕಾಗದಿದ್ರೇನು? ಇರ್ತೀನಲ್ಲ."

ಅವಳು ಆಗಲಿ ಎಂದಳು. ಸುಳ್ಳಲ್ಲ, ಆ ಗಳಿಗೆಗೆ ಅದು ನಿಜವೇ. ಕಾರಿಗೆ ಪೆಟ್ರೋಲು ಹಾಕಿಸಿದಳು, ನಕ್ಷೆ ತಂದಳು. ಆಮೇಲೆ ಎರಡು ದಿನ ಅವಳ ತಲೆಯೊಳಗೆ ಗಂಡನ ಮುಖವೇ ಸುಳಿಯಿತು. ಓಡಿಹೋದವನ ತಂದೆ ಎಂದು ಹಾಲಿಸ್ ತನ್ನ ಕೈಕೆಳಗಿನ ಹುಡುಗರ ಎದುರು ಹೇಗೆ ನಿಲ್ಲುತ್ತಾನೆ? ಮಗ ಜೈಲಿಗೆ ಹೋದರೆ? ಗಡಿಯಲ್ಲೇ ಸಿಕ್ಕಿಬಿದ್ದರೆ? ಹೋದವರೆಲ್ಲ ಸಾಯುವುದಿಲ್ಲ. ಹಾಲಿಸ್ ಮಹಾಯುದ್ಧಕ್ಕೆ, ಕೊರಿಯಾಕ್ಕೆ, ವಿಯೆಟ್ನಾಂಗೆ ಮೂರು ಸಲ ಹೋಗಿ ಮೂರು ಸಲವೂ ಬಂದಿದ್ದಾನೆ. ವೆಂಡೆಲ್‌ಗೆ ರೇಡಿಯೋ ಗೊತ್ತು. ಯಾವುದೋ ಕಚೇರಿಯಲ್ಲಿ ಕೂರಿಸಿಯಾರು. ಒಂದು ವರ್ಷ ತಾನೇ.

ಇಪ್ಪತ್ತೊಂಬತ್ತನೆಯ ದಿನ ಬೆಳಿಗ್ಗೆ ಗ್ಲೆನಾ ಶಾಲೆಗೆ ಹೋದ ಮೇಲೆ ನೇವಾ ಮೂಲೆಯ ಔಷಧಿ ಅಂಗಡಿಗೆ ನಡೆದುಹೋಗಿ ಅಲ್ಲಿನ ಫೋನಿನಿಂದ ಮಿಲಿಟರಿ ಪೊಲೀಸರಿಗೆ ವಿಳಾಸ ಹೇಳಿದಳು. ಬಂದು ತಿಂಡಿಗೆ ಇಟ್ಟಳು. ಮಜ್ಜಿಗೆ ಹಾಕಿ ಕಲಸಿದ ಮೆತ್ತನೆ ಬನ್ನು, ಅದರ ಮೇಲೆ ಹಂದಿಮಾಂಸದ ಬಿಳಿ ಗೊಜ್ಜು. ಅವನಿಗೆ ಇಷ್ಟವಾದದ್ದು. ವೆಂಡೆಲ್ ಎರಡನೆಯ ಬನ್ನಿಗೆ ಕೈ ಹಾಕುವಾಗ ಬಾಗಿಲು ತಟ್ಟಿದರು. ಇಬ್ಬರು, ಅವನ ವಯಸ್ಸಿನವರೇ.

ಓಡಲಿಲ್ಲ, ಕೂಗಾಡಲಿಲ್ಲ. "ಇದೊಂದು ಮುಗಿಸ್ಲಾ?" ಎಂದು ಕೇಳಿದ. ಅವರಿಬ್ಬರೂ ಮುಖ ನೋಡಿಕೊಂಡರು. ಒಬ್ಬ ಸರಿ ಎಂದ. ಟೋಪಿ ತೆಗೆದು ಗೋಡೆಗೊರಗಿ ನಿಂತರು. ವೆಂಡೆಲ್ ನಿಧಾನವಾಗಿ ತಿಂದ, ತಟ್ಟೆಯನ್ನು ಬನ್ನಿನ ಚೂರಿನಿಂದ ಒರೆಸಿ ಅದನ್ನೂ ತಿಂದ. ಎದ್ದು ಕೈ ತೊಳೆದುಕೊಂಡ. ಆಮೇಲೆ ತಾಯಿಯ ಕಡೆ ತಿರುಗಿದ.

"ಅಮ್ಮ, ನೀನಾ ಹೇಳಿದ್ದು?"

"ನಾನ್ಯಾಕೆ ಹೇಳ್ಲಿ" ಅಂದಳು ನೇವಾ. ಅಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು. ನಾಲಗೆ ಮುಂದೆ ಹೋಯಿತು. "ಪಕ್ಕದ ಥೆಲ್ಮಾ ನೋಡಿರ್ಬೇಕು."

ಅವನು ತಲೆದೂಗಿದ. ಅವಳ ಕೆನ್ನೆಗೆ ಮುತ್ತು ಕೊಟ್ಟು ಅವರ ನಡುವೆ ನಡೆದುಹೋದ.

ಪಾದ್ರಿ ಹೇಳಿದ ಹಾಗೆಯೇ ಆಯಿತು. ಮೂರು ವಾರ ಕೂಡಿಹಾಕಿದರು, ಸಂಬಳ ಹಿಡಿದರು, ಮೇ ತಿಂಗಳ ಕೊನೆಯಲ್ಲಿ ವಿಮಾನ ಹತ್ತಿಸಿದರು. ಕಚೇರಿಯಲ್ಲಿ ಯಾರೂ ಕೂರಿಸಲಿಲ್ಲ. ಅಷ್ಟು ಚೆನ್ನಾಗಿ ಗುರಿ ಹೊಡೆಯುವವನನ್ನು ಯಾರು ಕೂರಿಸುತ್ತಾರೆ?

ನೇವಾ ಗಂಡನಿಗೆ ಬರೆದಳು: ವೆಂಡೆಲ್ ರಜೆ ಮುಗಿದ ಮೇಲೂ ಕೆಲವು ದಿನ ಉಳಿದುಕೊಂಡಿದ್ದ, ಆಮೇಲೆ ತಾನಾಗಿಯೇ ಸಮವಸ್ತ್ರ ಹಾಕಿಕೊಂಡು ಹೋದ. ಗ್ಲೆನಾ ಶಾಲೆಯಿಂದ ಬಂದು ಅಣ್ಣ ಎಲ್ಲಿ ಎಂದು ಅತ್ತಾಗ, ಥೆಲ್ಮಾ ಪೊಲೀಸರಿಗೆ ಹೇಳಿದಳು, ಇದನ್ನು ಅಪ್ಪನಿಗೆ ಮಾತ್ರ ಎಂದೂ ಹೇಳಬೇಡ, ನೊಂದುಕೊಳ್ಳುತ್ತಾರೆ ಎಂದಳು. ಹೀಗೆ ಗಂಡನಿಗೊಂದು ಕಥೆ, ಮಕ್ಕಳಿಗೊಂದು ಕಥೆ. ನಡೆದದ್ದು ಅವಳ ಹೊಟ್ಟೆಯಲ್ಲಿ ಉಳಿಯಿತು.

ವೆಂಡೆಲ್‌ನಿಂದ ನಾಲ್ಕು ಕಾಗದ ಬಂದವು. ಮಳೆ, ಸೊಳ್ಳೆ, ಜೊತೆಯವರ ತಮಾಷೆ. ತಾಯಿಗೆ ಕೆಟ್ಟ ಸುದ್ದಿ ಬರೆಯಬಾರದೆಂದು ಅವನೂ ಕಲಿತಿದ್ದ. ಕೊನೆಯದರಲ್ಲಿ ಕೆಳಗೆ ಒಂದು ಸಾಲು ಸೇರಿಸಿದ್ದ: ಮಿಸೆಸ್ ಪ್ರೂಯಿಟ್‌ಗೆ ನನ್ನದೇನೂ ಸಿಟ್ಟಿಲ್ಲ ಅಂತ ಹೇಳು, ಅವರ ಗಂಡನೂ ಇಲ್ಲೆಲ್ಲೋ ಇದ್ದಾರಲ್ಲ, ಅವರಿಗೆ ಹಾಗನಿಸಿದ್ದು ಸಹಜ.

ಆಗಸ್ಟಿನಲ್ಲಿ, ಅವನು ಹೋಗಿ ಹನ್ನೊಂದು ವಾರಕ್ಕೆ, ರಸ್ತೆಯಲ್ಲಿ ಹೂತಿಟ್ಟ ಸಿಡಿಗುಂಡಿನ ಮೇಲೆ ಅವನಿದ್ದ ಲಾರಿ ಹರಿಯಿತು. ಸುದ್ದಿ ತಂದ ಅಧಿಕಾರಿ ಬಂದಾಗ ನೇವಾ ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದಳು. ಅವನ ಮುಖ ನೋಡಿದವಳು ಕೈಯಲ್ಲಿದ್ದ ಹಾಸಿಗೆ ಹೊದಿಕೆಯನ್ನು ಪೂರ್ತಿ ತಂತಿಗೆ ಹಾಕಿ, ನಾಲ್ಕು ಕ್ಲಿಪ್ಪು ಸಿಕ್ಕಿಸಿ, ಆಮೇಲೆ "ಹೇಳಿ" ಅಂದಳು.

ಮುಂದಿನ ಎರಡು ವಾರ ಅವಳನ್ನು ನೋಡಿಕೊಂಡವಳು ಥೆಲ್ಮಾ. ತಲೆ ಬಾಚಿದಳು, ಪಾತ್ರೆ ತೊಳೆದಳು, ಬಂದವರಿಗೆ ಕಾಫಿ ಕೊಟ್ಟಳು. ಒಂದು ದಿನ ಅವಳು ಕೋಳಿ ಬೇಯಿಸಿ ತಂದ ಗಾಜಿನ ಬೋಗುಣಿಯನ್ನು ಗ್ಲೆನಾ ಅವಳ ಕೈಯಿಂದಲೇ ಕಿತ್ತು ಮೆಟ್ಟಿಲಿಗೆ ಅಪ್ಪಳಿಸಿದಳು. "ನಿನ್ನಿಂದಾನೇ ಅಣ್ಣ ಸತ್ತಿದ್ದು" ಅಂದಳು. ಥೆಲ್ಮಾಗೆ ಅರ್ಥವಾಗಲಿಲ್ಲ. ದುಃಖದಲ್ಲಿರುವ ಮಗು ಎಂದುಕೊಂಡು ಬಗ್ಗಿ ಗಾಜಿನ ಚೂರುಗಳನ್ನು ಏಪ್ರನ್ನಿಗೆ ಆಯ್ದುಕೊಂಡಳು. ನೇವಾ ಒಳಗಿನಿಂದ ನೋಡುತ್ತಿದ್ದಳು. ಎದ್ದು ಬಂದು ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ.

ಹಾಲಿಸ್ ಮಗನ ಮಣ್ಣಿಗೆ ಬಂದ. ಅಳಲಿಲ್ಲ. ಎರಡು ವರ್ಷ ಕಳೆದು ಸೈನ್ಯ ಬಿಟ್ಟು, ಹೆಂಡತಿ ಮಗಳೊಡನೆ ಕೆಂಟಕಿಗೆ ಮರಳಿ, ಬೆಟ್ಟದ ಬುಡದಲ್ಲಿ ಮನೆ ಕೊಂಡ. ಹದಿನೇಳನೆಯ ಮನೆ ಅದು. ನಿವೃತ್ತ ಸೈನಿಕರು ಸೇರುವ ಸಭಾಂಗಣವೊಂದು ಊರಲ್ಲಿತ್ತು. ಶನಿವಾರ ಶನಿವಾರ ಅಲ್ಲಿ ಕೂತು ಅವನು ಹೇಳುತ್ತಿದ್ದದ್ದು ತನ್ನ ಮೂರು ಯುದ್ಧಗಳ ಕಥೆಯಲ್ಲ, ಮಗನ ಕಥೆ. ಹುಡುಗನಿಗೆ ಭಯವಾಯಿತು. ಮನೆಯಲ್ಲಿ ಕೂತ. ಯಾರೂ ಅವನನ್ನು ಎಳೆದುಕೊಂಡು ಹೋಗಲಿಲ್ಲ, ಅಪ್ಪನೂ ಹತ್ತಿರ ಇರಲಿಲ್ಲ. ಒಂದು ದಿನ ಬೆಳಿಗ್ಗೆ ಎದ್ದು ಸಮವಸ್ತ್ರದ ಗುಂಡಿ ಹಾಕಿಕೊಂಡು ತಾನೇ ಹೋದ. ಭಯವಿಲ್ಲದವನು ಹೋಗುವುದೇನು ದೊಡ್ಡದು? ಇಷ್ಟು ಹೇಳಿ ಹಾಲಿಸ್ ಕಾಫಿ ಕುಡಿಯುತ್ತಿದ್ದ. ಮೂವತ್ತೈದು ವರ್ಷ ಈ ಕಥೆಯ ಮೇಲೆ ಅವನು ಬದುಕಿದ. ಮನೆಗೆ ಬಂದವರಿಗೆ ಅವನು ಅದನ್ನು ಹೇಳುವಾಗಲೆಲ್ಲ ನೇವಾಗೆ ಒಳಗೆ ಏನೋ ಕೆಲಸವಿರುತ್ತಿತ್ತು. ಕ್ರಿಸ್‌ಮಸ್‌ಗೆ ಪ್ರತಿ ವರ್ಷ ಥೆಲ್ಮಾಳಿಂದ ಕಾರ್ಡು ಬರುತ್ತಿತ್ತು. ತೊಂಬತ್ತೊಂದರಲ್ಲಿ ಬರುವುದು ನಿಂತಿತು. ತಿಂಗಳಾದ ಮೇಲೆ, ಥೆಲ್ಮಾ ತೀರಿಕೊಂಡಳೆಂದು ಅವಳ ತಂಗಿಯ ಕಾಗದ ಬಂತು. ನೇವಾ ಇಪ್ಪತ್ತು ಕಾರ್ಡಿಗೂ ಮರುಕಾರ್ಡು ಕಳಿಸಿದ್ದಳು, ಹೆಸರು ಬಿಟ್ಟು ಬೇರೇನೂ ಬರೆಯದೆ.

ಗ್ಲೆನಾ ಅದೇ ಊರಿನ ಲಾರಿ ಮೆಕ್ಯಾನಿಕ್ ಒಬ್ಬನನ್ನು ಮದುವೆಯಾದಳು. ಸೈನಿಕನನ್ನು ಮಾತ್ರ ಆಗುವುದಿಲ್ಲ ಎಂದು ಮೊದಲೇ ಹೇಳಿದ್ದಳು. ಅವಳಿಗೆ ಒಬ್ಬಳೇ ಮಗಳು, ಡೀನಾ. ತಾತನ ಮಂಡಿಯ ಮೇಲೆ ಕೂತು ವೆಂಡೆಲ್ ಮಾವನ ಕಥೆ ಕೇಳಿಯೇ ಬೆಳೆದ ಹುಡುಗಿ. ಎರಡು ಸಾವಿರದ ನಾಲ್ಕರಲ್ಲಿ ಹದಿನೆಂಟು ತುಂಬಿತು. ಇರಾಕಿನ ಯುದ್ಧ ನಡೆಯುತ್ತಿತ್ತು. ಒಂದು ಭಾನುವಾರ ಊಟಕ್ಕೆ ಎಲ್ಲರೂ ಸೇರಿದ್ದಾಗ, ಸೈನ್ಯಕ್ಕೆ ಸೇರುತ್ತೇನೆ, ಮಂಗಳವಾರ ಕಾಗದಕ್ಕೆ ಸಹಿ ಹಾಕುತ್ತೇನೆ ಎಂದು ಹೇಳಿದಳು. ಹಾಲಿಸ್‌ಗೆ ಆಗ ಎಂಬತ್ತೊಂದು. ಅವನ ಕಣ್ಣು ತುಂಬಿತು.

"ವೆಂಡೆಲ್ ಇದ್ದಿದ್ರೆ ನಿನ್ನ ಹೆಗಲು ತಟ್ಟೋನು" ಅಂದ.

ಗ್ಲೆನಾ ಬಿಳುಚಿಕೊಂಡಳು. "ಅಪ್ಪ, ಸಾಕು. ಅವನು ತಾನಾಗಿ ಹೋಗ್ಲಿಲ್ಲ. ಹಿಡ್ಕೊಂಡು ಹೋದ್ರು. ಪಕ್ಕದ್ಮನೆ ಹೆಂಗ್ಸು ಹೇಳ್ಕೊಟ್ಲು. ಅಮ್ಮ, ಹೇಳು ಇವ್ರಿಗೆ. ಇವಳು ಹೋಗೋಕ್ಮುಂಚೆ ಹೇಳು."

ಎಲ್ಲರೂ ನೇವಾಳ ಕಡೆ ನೋಡಿದರು. ಅವಳು ಬೀನ್ಸಿನ ಪಾತ್ರೆಗೆ ಮುಚ್ಚಳ ಮುಚ್ಚಿದಳು. ಎಪ್ಪತ್ತೆಂಟು ವರ್ಷದವಳು, ಇನ್ನು ಯಾರನ್ನು ಉಳಿಸುವುದಕ್ಕೆ ಸುಳ್ಳು ಹೇಳಬೇಕು ಎನಿಸಿತು.

"ಥೆಲ್ಮಾ ಏನೂ ಹೇಳಿರ್ಲಿಲ್ಲ" ಅಂದಳು. "ನಾನೇ ಫೋನ್ ಮಾಡ್ದೆ. ಅವನಿಗೆ ಕೆನಡಾಗೆ ಬಿಡ್ತೀನಿ ಅಂತ ಮಾತು ಕೊಟ್ಟಿದ್ದೆ. ತಿಂಡಿ ಕೊಟ್ಟು ಕೂರ್ಸಿ, ಹಿಡಿಸ್ಕೊಟ್ಟೆ. ನೀನಾ ಅಂತ ಕೇಳ್ದ. ಅಲ್ಲ ಅಂದೆ."

ನೇವಾ ಗಂಡನ ಮುಖವನ್ನೇ ನೋಡುತ್ತಿದ್ದಳು. ಅವನು ಬೈಯಲಿ, ಕೈಯೆತ್ತಲಿ, ಎದ್ದು ಹೋಗಲಿ, ಏನಾದರೂ ಮಾಡಲಿ ಎಂದು ಅವಳ ಜೀವ ಕಾಯುತ್ತಿತ್ತು. ಆ ಒಂದು ಪೆಟ್ಟಿಗಾಗಿ ಮೂವತ್ತೈದು ವರ್ಷ ಹಸಿದಿದ್ದೆ ಎಂದು ಅವಳಿಗೆ ಆಗಲೇ ಗೊತ್ತಾದದ್ದು.

ಹಾಲಿಸ್ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. "ಎಷ್ಟನೇ ದಿನ?"

"ಇಪ್ಪತ್ತೊಂಬತ್ತು."

"ಸರಿಯಾಗೇ ಮಾಡಿದ್ದೀಯ" ಅಂದ. "ನಾನಿದ್ದಿದ್ರೆ ಎರಡ್ನೇ ದಿನಾನೇ ಫೋನ್ ಮಾಡ್ತಿದ್ದೆ."

ಎದ್ದು, ಕೋಲು ಊರಿಕೊಂಡು, ಒಳಗೆ ಹೋಗಿ ಮಲಗಿದ. ಆ ಶನಿವಾರ ಸಭಾಂಗಣಕ್ಕೆ ಹೋಗಲಿಲ್ಲ. ಮುಂದೆಂದೂ ಹೋಗಲಿಲ್ಲ. ಅವನು ಹೆಂಡತಿಯ ಮೇಲೆ ಒಂದು ದಿನವೂ ಸಿಟ್ಟು ಮಾಡಲಿಲ್ಲ; ವೆಂಡೆಲ್‌ನ ಹೆಸರನ್ನು ಮತ್ತೆ ಎತ್ತಲಿಲ್ಲ, ಅಷ್ಟೆ. ಊಟ ಕಡಿಮೆಯಾಯಿತು, ಮಾತು ಹವೆಗೂ ಔಷಧಿಗೂ ಇಳಿಯಿತು. ಒಂದೂವರೆ ವರ್ಷಕ್ಕೆ ತೀರಿಕೊಂಡ. ಮಗನನ್ನು ಅವನಿಂದ ಎರಡನೆಯ ಸಲ ಕಿತ್ತುಕೊಂಡವಳು ತಾನು ಎಂದು ನೇವಾಗೆ ಗೊತ್ತಿತ್ತು.

ಗ್ಲೆನಾ ಆ ಭಾನುವಾರ ಬಾಗಿಲ ಬಳಿ ನಿಂತು ಒಂದೇ ಮಾತು ಕೇಳಿದ್ದಳು. "ಆ ಹೆಂಗ್ಸು ಬದುಕಿದಾಳಾ?" ಸತ್ತು ಹದಿಮೂರು ವರ್ಷವಾಯಿತು ಎಂದು ನೇವಾ ಹೇಳಿದಳು. ಗ್ಲೆನಾ ಕಾರು ಹತ್ತಿದಳು. ಅಪ್ಪನನ್ನು ನೋಡಲು ಬರುತ್ತಿದ್ದಳು, ತಾಯಿಯೊಡನೆ ಮಾತಿಲ್ಲ. ಅಪ್ಪನ ಮಣ್ಣಿನಲ್ಲೂ ಬೇರೆ ಸಾಲಿನಲ್ಲಿ ಕೂತಳು.

ಡೀನಾ ಮಾತ್ರ ಮಂಗಳವಾರ ಸಹಿ ಹಾಕಿದಳು. ಹೋಗುವ ಮುಂಚೆ ಅಜ್ಜಿಯ ಹತ್ತಿರ ಬಂದಳು. ನೇವಾ ಅವಳ ಕೈ ಹಿಡಿದು, ಬೇಡ ಕಂದ, ನಿನ್ನ ತಾತನ ಕಥೆ ನಂಬಿ ಹೋಗಬೇಡ ಎಂದಳು.

"ಕಥೆ ನಂಬಿ ಅಲ್ಲಜ್ಜಿ. ಇಲ್ಲಿ ಇದ್ದು ಏನ್ಮಾಡ್ಲಿ? ಗಣಿ ಮುಚ್ತು, ಅಂಗಡಿ ಮುಚ್ತು. ನನ್ನನ್ನ ಯಾರೂ ಹಿಡ್ಕೊಟ್ಟಿಲ್ಲ, ನಾನೇ ಹೋಗ್ತಿದ್ದೀನಿ." ನಗುತ್ತಲೇ ಹೇಳಿದಳು. ಚುಚ್ಚಬೇಕೆಂದು ಹೇಳಿದ್ದಲ್ಲ, ಆದರೂ ಚುಚ್ಚಿತು.

ಎರಡು ಸಾವಿರದ ಏಳರ ವಸಂತದಲ್ಲಿ ಡೀನಾ ಇರಾಕಿನಲ್ಲಿದ್ದಳು. ಸಾಮಾನು ಸಾಗಿಸುವ ಲಾರಿ ಓಡಿಸುತ್ತಿದ್ದಳು. ವಾರಕ್ಕೆ ಎರಡು ಸಲ ತಾಯಿಗೆ ಫೋನ್ ಮಾಡುತ್ತಿದ್ದವಳು ಒಮ್ಮೆ ಒಂಬತ್ತು ದಿನ ಮಾಡಲಿಲ್ಲ. ಅದರ ಅರ್ಥ ದಂಡಿನ ಹೆಂಗಸರಿಗೆಲ್ಲ ಗೊತ್ತು. ಒಂದು ತುಕಡಿಯಲ್ಲಿ ಯಾರಾದರೂ ಸತ್ತರೆ, ಅವರ ಮನೆಗೆ ಸುದ್ದಿ ಮುಟ್ಟುವ ತನಕ ಇಡೀ ತುಕಡಿಯ ಫೋನು ನಿಲ್ಲಿಸುತ್ತಾರೆ. ಆದರೆ ಒಂಬತ್ತು ದಿನ ಯಾವ ತುಕಡಿಗೂ ಹೆಚ್ಚು. ಹತ್ತನೆಯ ದಿನ ಮಧ್ಯಾಹ್ನ ಗ್ಲೆನಾ ತಾಯಿಗೆ ಫೋನ್ ಮಾಡಿದಳು. ಮೂರು ವರ್ಷದಲ್ಲಿ ಮೊದಲ ಸಲ.

"ಬಂದು ಕೂತ್ಕೋ" ಅಂದಳು. "ಮಾತಾಡ್ಬೇಡ. ಸುಮ್ನೆ ಕೂತ್ಕೋ."

ನೇವಾ ಹೋದಳು. ತಾಯಿ ಮಗಳು ಮುಂಭಾಗದ ಕೋಣೆಯಲ್ಲಿ ಎದುರುಬದುರು ಕೂತರು. ರಸ್ತೆಯಲ್ಲಿ ಕಾರಿನ ಸದ್ದಾದಾಗಲೆಲ್ಲ ಗ್ಲೆನಾ ಕುರ್ಚಿಯ ಕೈ ಹಿಡಿದುಕೊಳ್ಳುತ್ತಿದ್ದಳು. ನೇವಾ ಹಿಂದೆ ಕಲಿತದ್ದನ್ನೆಲ್ಲ ನೆನಪು ಮಾಡಿಕೊಂಡಳು, ಒಂದೂ ಹೇಳುವಂಥದ್ದಾಗಿರಲಿಲ್ಲ. ಎರಡು ದಿನ ಹಾಗೆ ಕೂತರು. ನೇವಾ ಅಡುಗೆ ಮಾಡಿದಳು, ಗ್ಲೆನಾ ತಿನ್ನಲಿಲ್ಲ.

ಹನ್ನೆರಡನೆಯ ದಿನ ಫೋನು ಬಂತು. ಡೀನಾಳ ದನಿಯೇ. ಸತ್ತವಳು ಅವಳ ಮುಂದಿನ ಲಾರಿ ಓಡಿಸುತ್ತಿದ್ದ ಹುಡುಗಿ, ನೆಬ್ರಾಸ್ಕಾದವಳು, ಇಪ್ಪತ್ತೆರಡು ವರ್ಷ. ಗ್ಲೆನಾ ಫೋನಿಟ್ಟು ನೆಲದ ಮೇಲೆ ಕುಸಿದು ಕೂತು ನಕ್ಕಳು, ಅತ್ತಳು, ದೇವರೇ ನಿನಗೆ ಶರಣು ಎಂದಳು. ಎಂದವಳೇ ಬಾಯಿಗೆ ಕೈ ಅಡ್ಡ ಹಿಡಿದುಕೊಂಡಳು.

"ಇನ್ನೊಬ್ಬಳ ಮಗಳು ಸತ್ತಿದ್ದಕ್ಕೆ ಶರಣು ಅಂದೆನಲ್ಲ" ಅಂದಳು.

"ಎಲ್ಲಾರೂ ಅಂತಾರೆ" ಅಂದಳು ನೇವಾ. "ನಾನೂ ಎಷ್ಟು ಸಲ ಅಂದಿದ್ದೀನೋ."

ಗ್ಲೆನಾ ಕ್ಷಮಿಸಿದೆ ಎಂದು ಹೇಳಲಿಲ್ಲ. ಅಂದಿನಿಂದ ಭಾನುವಾರ ಬಂದು ತಾಯಿಯನ್ನು ಚರ್ಚಿಗೆ ಕರೆದುಕೊಂಡು ಹೋಗತೊಡಗಿದಳು, ಅಷ್ಟೆ. ಡೀನಾ ಬದುಕಿ ಬಂದಳು. ಮುಂದಿನ ಲಾರಿ ಸಿಡಿದ ಸದ್ದಿಗೆ ಎಡಗಿವಿ ಹೋಗಿತ್ತು, ಲಾರಿ ಇರಲಿ, ಸಣ್ಣ ಕಾರನ್ನೂ ಮತ್ತೆ ಓಡಿಸಲಿಲ್ಲ. ಎರಡು ಮದುವೆ ಮುರಿದು ಅಜ್ಜಿಯ ಮನೆಯಲ್ಲೇ ಬಂದು ಇದ್ದಳು. ಇಬ್ಬರೂ ಬೆಳಗಿನ ಹೊತ್ತು ಹೊರಗಿನ ಮೊಗಸಾಲೆಯಲ್ಲಿ ಕೂರುತ್ತಿದ್ದರು. ಮಾತಾಡಬೇಕೆನಿಸಿದರೆ ನೇವಾ ಅವಳ ಬಲಕ್ಕೆ ಕುರ್ಚಿ ಹಾಕಿಕೊಳ್ಳುತ್ತಿದ್ದಳು. ಹೆಚ್ಚಿನ ದಿನ ಎಡಕ್ಕೇ ಕೂರುತ್ತಿದ್ದಳು. ತೊಂಬತ್ತಮೂರನೆಯ ವರ್ಷದ ಒಂದು ಬೆಳಿಗ್ಗೆ ಹಾಗೆ ಕೂತಲ್ಲೇ ಅವಳ ಜೀವ ಹೋಯಿತು. ಪಕ್ಕದಲ್ಲಿದ್ದ ಡೀನಾಗೆ ಅದು ಗೊತ್ತಾಗಲು ಒಂದು ಗಂಟೆ ಹಿಡಿಯಿತು.